ಮೂವತ್ತೊಂದು ಒಂಟಿ ವಿಷಯಗಳು

ಗ್ರಂಥಾಲಯದಲ್ಲಿ ಪುಸ್ತಕಗಳ ಪಟ್ಟಿ ಮಾಡುವ ಆ ಹೆಂಗಸಿಗೆ ಸಹೋದ್ಯೋಗಿಗಳು ‘ಪುರಾವೆ ಮೇಡಂ’ ಎಂದು ಹೆಸರಿಟ್ಟಿದ್ದರು. ಸುಮ್ಮಸುಮ್ಮನೆ ಇಟ್ಟದ್ದಲ್ಲ. ಹೊರಗೆ ಮಳೆ ಬರುತ್ತಿದೆ ಎಂದು ಯಾರಾದರೂ ಅಂದರೆ ಎದ್ದು ಕಿಟಕಿಯವರೆಗೆ ಹೋಗಿ, ನೋಡಿ ಬಂದು, ಆಮೇಲೆ ‘ಹೌದು’ ಅನ್ನುವವಳು. ಇಪ್ಪತ್ತಾರು ವರ್ಷ ಒಂದೇ ಕುರ್ಚಿ, ಒಂದೇ ನಿಯಮ: ಕೈಯಲ್ಲಿ ಕಾಗದ ಇಲ್ಲದೆ ಪಟ್ಟಿಗೆ ಒಂದಕ್ಷರವೂ ಸೇರಕೂಡದು. ಪಟ್ಟಿಯೇನೋ ಅಪ್ಪಟ ಚಿನ್ನವಾಯಿತು. ಊಟಕ್ಕೆ ಅವಳ ಪಕ್ಕ ಕೂರುತ್ತಿದ್ದವರು ಮಾತ್ರ ಒಬ್ಬೊಬ್ಬರಾಗಿ ಜಾಗ ಬದಲಿಸಿದರು.

ಆ ತಿಂಗಳು ಮುಖ್ಯ ಗ್ರಂಥಪಾಲಕರು ಅವಳಿಗೆ ಹೊಸ ಕೆಲಸ ಹಚ್ಚಿದರು. ಓದುಗರು ತಮ್ಮ ಟಿಪ್ಪಣಿ, ಕಾಗದಪತ್ರ, ತಮಗೆ ತಿಳಿದದ್ದೆಲ್ಲವನ್ನೂ ಜೋಡಿಸಿಟ್ಟುಕೊಳ್ಳಲು ನೆರವಾಗುವ ಮೂರು ಸಾಫ್ಟ್‌ವೇರ್‌ಗಳು ಬಂದಿದ್ದವು. ಯಾವುದು ಒಳ್ಳೆಯದೆಂದು ಅವಳು ಪರೀಕ್ಷಿಸಿ ಹೇಳಬೇಕು.

"ಲೈಬ್ರರಿ ಪಟ್ಟಿ ಹಾಕ್ಬೇಡಿ. ನಿಮ್ಮ ಬದುಕನ್ನೇ ಹಾಕಿ ನೋಡಿ," ಎಂದರು.

"ಹಾಕೋಕೆ ಅದರಲ್ಲಿ ಏನಿದೆ ಸರ್?"

"ಅದನ್ನೇ ಅದು ತೋರಿಸುತ್ತಂತೆ," ಎಂದು ನಗುತ್ತ ಹೋದರು.

ಮೊದಲನೆಯದು ಎರಡೇ ದಿನಕ್ಕೆ ಕೈಕೊಟ್ಟಿತು. ಎರಡನೆಯದರಲ್ಲಿ ಇಟ್ಟದ್ದನ್ನು ಹುಡುಕುವಷ್ಟರಲ್ಲಿ ಸಾಕುಬೇಕಾಗುತ್ತಿತ್ತು. ಮೂರನೆಯದು ಅವಳಿಗೆಂದೇ ಹೇಳಿ ಮಾಡಿಸಿದಂತಿತ್ತು. ಅದರಲ್ಲಿ ಮನುಷ್ಯ, ಪುಸ್ತಕ, ಬೀದಿ, ಕಾಯಿಲೆ ಎಲ್ಲವೂ ಒಂದೊಂದು ‘ವಿಷಯ’. ಎರಡು ವಿಷಯಗಳ ನಡುವೆ ಗೆರೆ ಎಳೆದರೆ ಅದು ‘ನಂಟು’. ನಂಟಿಗೊಂದು ಹೆಸರು ಕೊಡಬೇಕು. ಈ ತುದಿಯವರು ಏನಾಗಬೇಕು, ಆ ತುದಿಯವರು ಏನಾಗಬೇಕು ಎಂದೂ ಹೇಳಬೇಕು. ಎಲ್ಲಕ್ಕಿಂತ ಕೆಳಗೆ ‘ಪುರಾವೆ’ ಎಂಬ ಖಾನೆ. ಅದನ್ನು ಖಾಲಿ ಬಿಟ್ಟರೂ ಸಾಫ್ಟ್‌ವೇರ್‌ಗೆ ನಡೆಯುತ್ತಿತ್ತು. ಅವಳಿಗೆ ನಡೆಯುತ್ತಿರಲಿಲ್ಲ.

ಅವಳು ಹಾಕಿದ ಮೊದಲ ವಿಷಯ ‘ನಾನು’. ಆಮೇಲೆ ಮೂರು ವಾರ ಹಠಕ್ಕೆ ಬಿದ್ದವಳಂತೆ ದುಡಿದಳು. ಮೇಲಿನ ಮನೆಯ ದರ್ಜಿಗೂ ಅವನ ಹೆಂಡತಿಗೂ ನಂಟು ಹಾಕಿದಳು. ಪುರಾವೆ, ಅಂಚೆಪೆಟ್ಟಿಗೆಯ ಮೇಲಿದ್ದ ಜೋಡಿ ಹೆಸರು. ಅಮ್ಮನಿಗೂ ಅಕ್ಕನಿಗೂ ಹಾಕಿದಳು. ಪುರಾವೆ, ಅಮ್ಮ ಅಕ್ಕನನ್ನು ಎತ್ತಿಕೊಂಡು ನಿಂತ ಹಳೆಯ ಫೋಟೋ. ಆ ಫೋಟೋ ತೆಗೆದಾಗ ಅವಳು ಹುಟ್ಟಿರಲಿಲ್ಲ. ಅಮ್ಮನಿಗೂ ತನಗೂ ಗೆರೆ ಎಳೆಯಲು ಹೋದಾಗ ಕೈ ತಡೆಯಿತು. ಜನನಪತ್ರ ಅಕ್ಕನ ಮನೆಯಲ್ಲಿದ್ದ ಅಮ್ಮನ ಟ್ರಂಕಿನಲ್ಲಿತ್ತು. ಆಮೇಲೆ ನೋಡೋಣ ಎಂದು ಮುಂದಕ್ಕೆ ಹೋದಳು.

ಅಕ್ಕನನ್ನು ಕೇಳುವುದಾದರೂ ಹೇಗೆ? ಮಾತು ನಿಂತು ಏಳು ವರ್ಷವಾಗಿತ್ತು. ಆ ದಿನ ಅಕ್ಕ ಫೋನ್ ಮಾಡಿ, "ಅಮ್ಮನಿಗೆ ತುಂಬಾ ಜಾಸ್ತಿಯಾಗಿದೆ, ಈಗಲೇ ಹೊರಡು," ಎಂದಿದ್ದಳು. ಇವಳು, "ಡಾಕ್ಟರ್ ಏನು ಬರೆದಿದ್ದಾರೆ? ಚೀಟಿ ಫೋಟೋ ಕಳಿಸು, ನೋಡ್ತೀನಿ," ಎಂದಳು. "ನಾನು ಹೇಳಿದ್ದು ಸಾಲದೇನೇ?" ಎಂದಿದ್ದಳು ಅಕ್ಕ. ಚೀಟಿ ಬಂತು. ಇವಳು ಓದಿ, ಹೊರಟು, ತಲುಪುವಷ್ಟರಲ್ಲಿ ಅಮ್ಮನ ಹಾಸಿಗೆ ಸುತ್ತಿಟ್ಟಾಗಿತ್ತು.

ಪರೀಕ್ಷೆಯ ಕೊನೆಯ ದಿನ ಉಳಿದದ್ದು ಒಂದೇ ಬಟನ್: ಶುಚಿಗೊಳಿಸು. ಮಧ್ಯಾಹ್ನದ ಖಾಲಿ ಕೋಣೆಯಲ್ಲಿ ಅದನ್ನು ಒತ್ತಿದಳು. ‘ಮೂವತ್ತೊಂದು ಒಂಟಿ ವಿಷಯಗಳನ್ನು ತೆಗೆಯಲಾಗಿದೆ’ ಎಂದು ಬಂತು. ಭೇಷ್ ಎಂದುಕೊಂಡು ತೆಗೆದವುಗಳ ಪಟ್ಟಿ ನೋಡಿದಳು. ಬಸ್ಸಿನಲ್ಲಿ ಕಳೆದ ಕೊಡೆ, ಮುಚ್ಚಿಹೋದ ಹಲ್ಲಿನ ಆಸ್ಪತ್ರೆ, ಯಾರೋ ಕೊಟ್ಟ ಬೀಗದ ಕೈ. ಎಲ್ಲಕ್ಕಿಂತ ಮೇಲೆ, ‘ನಾನು’.

ಕಂಪನಿಯ ಸಹಾಯವಾಣಿಗೆ ಫೋನ್ ಮಾಡಿದಳು.

"ಆ ವಿಷಯಕ್ಕೆ ಯಾರ ಜತೆನೂ ನಂಟು ಇರಲಿಲ್ಲ ಮೇಡಂ, ಅದಕ್ಕೇ ತೆಗೆದಿದೆ," ಎಂದಳು ಆ ಕಡೆಯ ಹುಡುಗಿ. "ಅದರ ಕೆಲಸ ಅದು ಸರಿಯಾಗೇ ಮಾಡಿದೆ."

"ಆದರೆ ಅದು ನಾನಮ್ಮ."

"ಇನ್ನೊಂದ್ಸಲ ಹಾಕಿ ಮೇಡಂ. ಒಂದೇ ಒಂದು ನಂಟು ಕೊಡಿ ಸಾಕು, ಉಳ್ಕೊಳ್ಳುತ್ತೆ. ನಮ್ಮ ಸೇವೆಗೆ ಐದರಲ್ಲಿ ಎಷ್ಟು ಕೊಡ್ತೀರಾ?"

ಐದು ಎಂದಳು. ಉತ್ತರ ಸರಿಯಾಗಿತ್ತಲ್ಲ. ಫೋನ್ ಇಟ್ಟ ಮೇಲೆ ಅಳು ಬಂತು. ಐವತ್ತೆರಡು ವರ್ಷ ಬದುಕಿದವಳು ಕಳೆದುಹೋದ ಕೊಡೆಯ ಸಾಲಿಗೆ ಸೇರಿಬಿಟ್ಟಿದ್ದಳು, ಅದೂ ತನ್ನ ಕೈಯಾರೆ.

ಕಣ್ಣೊರೆಸಿಕೊಂಡು ಅಕ್ಕನ ನಂಬರ್ ಒತ್ತಿದಳು.

"ಅಕ್ಕಾ, ನಾನು."

"ಯಾವ ನಾನು?"

"ನಾನೇ ಕಣೇ. ನಿನ್ನ ತಂಗಿ."

"ಓಹೋ. ಅದಕ್ಕೆ ಪುರಾವೆ?"

ಚುರುಕ್ಕೆಂದಿತು. ಸಿಟ್ಟು ಬರಲಿಲ್ಲ. "ನನ್ನ ಹತ್ರ ಏನೂ ಇಲ್ಲ," ಎಂದಳು. ಆ ಮಾತು ಅವಳ ಬಾಯಲ್ಲಿ ಬಂದದ್ದು ಅದೇ ಮೊದಲು. "ನನ್ನ ಜನನಪತ್ರ ಅಮ್ಮನ ಟ್ರಂಕಲ್ಲಿತ್ತಲ್ಲ..."

"ಟ್ರಂಕಿಗೆ ಗೆದ್ದಲು ಹಿಡಿದು ಯಾವ ಕಾಲವಾಯ್ತು. ಒಂದು ಕಾಗದವೂ ಉಳಿದಿಲ್ಲ."

ಇನ್ನೇನು ಅಕ್ಕ ಫೋನ್ ಇಟ್ಟಳು ಅನ್ನುವಾಗ ಅವಳ ದನಿ ಮತ್ತೆ ಬಂತು.

"ಆವತ್ತು ಅಮ್ಮ ಬೆಳಗ್ಗೆಯಿಂದ ಬಾಗಿಲನ್ನೇ ನೋಡ್ತಿದ್ದಳು. ಚಿಕ್ಕವಳು ಬಂದಳಾ, ಚಿಕ್ಕವಳು ಬಂದಳಾ ಅಂತ ಕೇಳಿದ್ದೇ ಕೇಳಿದ್ದು. ಅದಕ್ಕೂ ಚೀಟಿ ಇಲ್ಲ ಕಣೇ."

ಫೋನ್ ಕಟ್ಟಾಯಿತು. ಮತ್ತೆ ಮಾಡಿದಳು, ಅಕ್ಕ ಎತ್ತಲಿಲ್ಲ.

ಆಮೇಲೆ ‘ನಾನು’ ಎಂದು ಹೊಸದಾಗಿ ಹಾಕಿ, ಅಲ್ಲಿಂದ ‘ಅಮ್ಮ’ನವರೆಗೆ ಗೆರೆ ಎಳೆದಳು. ಆ ತುದಿ, ತಾಯಿ. ಈ ತುದಿ, ಚಿಕ್ಕವಳು. ಆ ತುದಿಯವಳು ಹೋಗಿ ಏಳು ವರ್ಷವಾಗಿತ್ತು; ಸಾಫ್ಟ್‌ವೇರ್ ಅದನ್ನು ಕೇಳಲಿಲ್ಲ. ಪುರಾವೆಯ ಖಾನೆಗೆ ಬಂದಾಗ ಬೆರಳು ಒಂದು ಕ್ಷಣ ನಿಂತಿತು.

ಬರೆದಳು: ಅಕ್ಕ ಹೇಳಿದ್ದು. ಅಷ್ಟು ಸಾಕು.