ಲೊರೆಟ್ಟಾಳಿಗೆ ಅರ್ಥವಾದ ಕಲಮು

ಕಾಯ್ದೆಯ ಕರಡು ಬರೆಯುವ ನಮ್ಮಂಥವರಿಗೆ ಊರಲ್ಲಿ ಒಳ್ಳೆಯ ಹೆಸರಿಲ್ಲ. ಒಂದು ವಾಕ್ಯ ಓದಿ ಮುಗಿಸುವಷ್ಟರಲ್ಲಿ ಕಾಫಿ ಆರಿಹೋಗುತ್ತದೆ ಎನ್ನುತ್ತಾರೆ. ನಮ್ಮ ಪ್ರಾಂತ್ಯದಲ್ಲಾದರೂ ಈ ಅಪವಾದ ತೊಳೆಯಬೇಕೆಂದು ಹಟ ಹಿಡಿದವಳು ನಾನು. ಜೊತೆಗೆ ಸಿಕ್ಕವನು ಗಾರ್ಥ್ ವೀಬ್, ಕಂಪ್ಯೂಟರಿಗೆ ಕೋಡ್ ಬರೆಯುವವನು. ನಾನು ಸರಳವಾಗಿ ಬರೆದ ಕಾಯ್ದೆಯ ಕಲಮನ್ನು ಅವನು ಕೋಡ್ ಮಾಡಬೇಕು. ಜನ ತಮ್ಮ ವಿವರ ಕೊಟ್ಟರೆ, ಅರ್ಹರೋ ಅಲ್ಲವೋ ಎಂದು ಯಂತ್ರವೇ ಹೇಳಬೇಕು.

"ನೀನು ಬರೆಯೋದೂ ಕೋಡೇ, ಬೆವ್," ಎಂದು ಮೊದಲ ದಿನವೇ ಛೇಡಿಸಿದ. "ನಾನು ತಪ್ಪು ಬರೆದ್ರೆ ಕಂಪ್ಯೂಟರ್ ತಕ್ಷಣ ಉಗಿಯುತ್ತೆ. ನೀನು ತಪ್ಪು ಬರೆದ್ರೆ ವರ್ಷಗಟ್ಟಲೆ ಕೇಳೋರಿಲ್ಲ."

"ನಮ್ಮನ್ನ ಉಗಿಯೋಕೆ ಸುಪ್ರೀಂ ಕೋರ್ಟೇ ಇದೆಯಪ್ಪ," ಎಂದೆ.

ತಂದೆತಾಯಿ ಇಲ್ಲದ ಮಗುವನ್ನು ಯಾರು ಸಾಕಬಹುದು ಎಂಬ ಕಲಮು ಬಂತು. ಹಳೆಯ ಕಾಯ್ದೆಯಲ್ಲಿ ಅರ್ಧ ಪುಟದ ಒಂದೇ ವಾಕ್ಯ, ನಡುವೆ ಎಲ್ಲೋ "ಮಾತಾಪಿತೃ ಸ್ಥಾನದಲ್ಲಿ ನಿಂತ ವ್ಯಕ್ತಿ". ಇದನ್ನು ಕೋಡ್ ಮಾಡುವುದು ಹೇಗೆಂದು ಗಾರ್ಥ್ ತಲೆ ಚಚ್ಚಿಕೊಂಡ. ನಾನು ಅದನ್ನೆಲ್ಲ ಕಿತ್ತೆಸೆದು ಬರೆದೆ: ಅಜ್ಜ, ಅಜ್ಜಿ, ತಂದೆತಾಯಿಯ ಒಡಹುಟ್ಟಿದವರು, ವಯಸ್ಸಿಗೆ ಬಂದ ಅಣ್ಣ ಅಥವಾ ಅಕ್ಕ. ಮಧ್ಯಾಹ್ನದ ಊಟದೊಳಗೆ ಕೋಡ್ ಸಿದ್ಧವಾಯಿತು.

ಕರಡು ಸದನಕ್ಕೆ ಹೋಗುವ ಮೊದಲು, ಅದು ಯಾರ ತಲೆಯ ಮೇಲೆ ಬೀಳುತ್ತದೋ ಅಂಥವರನ್ನೇ ಕರೆಸಿ ಗಟ್ಟಿಯಾಗಿ ಓದಿಸುವುದು ನಮ್ಮ ಪದ್ಧತಿ. ನಾಲಿಗೆ ತಡವರಿಸಿದಲ್ಲಿ ಗುರುತು ಹಾಕಿ ತಿದ್ದುತ್ತೇವೆ. ಆ ಸಲ ಬಂದವಳು ಲೊರೆಟ್ಟಾ ದೆಜಾರ್ಲೆ, ಮಂಜುಗಡ್ಡೆಯ ಮೇಲೆ ಕಲ್ಲು ಜಾರಿಸುವ ಕರ್ಲಿಂಗ್ ಆಟದ ಅಂಗಣದ ಕ್ಯಾಂಟೀನಿನಲ್ಲಿ ಅಡುಗೆಯವಳು. ಹಿಮ ಮೆತ್ತಿದ ಬೂಟು ಬಿಚ್ಚುತ್ತಲೇ ತನ್ನ ಕಥೆ ಹೇಳಿದಳು. ಗೆಳತಿ ತೀರಿಕೊಂಡ ಮೇಲೆ ಅವಳ ಮಗಳು ಟೆಸ್ ಇವಳ ಮನೆಯಲ್ಲೇ ಬೆಳೆಯುತ್ತಿದ್ದಾಳೆ. ಹುಟ್ಟುಹಬ್ಬಕ್ಕೆ ಒಂದು ಕಾರ್ಡೂ ಕಳಿಸದ ಅವಳ ಸೋದರಮಾವ, ದೂರದ ಕ್ಯಾಲ್ಗರಿ ನಗರದವನು, ಈಗ ಹುಡುಗಿಯನ್ನು ಕೊಡಿ ಎನ್ನುತ್ತಿದ್ದಾನೆ.

ಲೊರೆಟ್ಟಾ ಒಂದೇ ಓಟಕ್ಕೆ ಓದಿದಳು, ಎಲ್ಲೂ ತಡವರಿಸಲಿಲ್ಲ. ನಾನು ಒಳಗೊಳಗೇ ಬೀಗಿದೆ.

"ಎಲ್ಲಾ ಅರ್ಥ ಆಯ್ತಾ?"

"ಚೆನ್ನಾಗೇ ಆಯ್ತು ಮೇಡಂ. ಹಳೇದು ನಂಗೆ ತಲೆಬುಡ ತಿಳೀತಿರ್ಲಿಲ್ಲ. ಆದ್ರೂ ವಕೀಲರು, ನೀವು ಅದರೊಳಗೆ ಬರಬಹುದು ಅಂದಿದ್ರು." ಹಾಳೆಯನ್ನು ಮೆಲ್ಲಗೆ ನನ್ನ ಕಡೆ ಸರಿಸಿದಳು. "ಇದ್ರಲ್ಲಿ ನಾನಿಲ್ಲ. ಅದನ್ನ ಹೇಳೋಕೆ ವಕೀಲರೇನೂ ಬೇಕಾಗಿಲ್ಲ."

ನನಗೆ ನಾಚಿಕೆಯಾಯಿತು. ನೆಗಡಿ ಬಂತೆಂದು ಮೂಗು ಕೊಯ್ದಂತೆ, ಮಾತಿನ ಸಿಕ್ಕು ಬಿಡಿಸಲು ಹೋಗಿ ಈ ಹೆಂಗಸನ್ನೇ ಕತ್ತರಿಸಿದ್ದೆ. ಅವಳ ಮುಂದೆ ಕಾಫಿ, ಕೇಕು ಇಟ್ಟು ಪೆನ್ನು ತೆಗೆದುಕೊಂಡೆ. "ಅಥವಾ ಮಗುವನ್ನು ತನ್ನದೆಂದೇ ಸಾಕುತ್ತಿರುವ ಬೇರೆ ಯಾರೇ ಆಗಲಿ" ಎಂದು ಸೇರಿಸಿದೆ.

"ತನ್ನದೆಂದೇ ಅಂದ್ರೆ?" ಗಾರ್ಥ್ ಗೊಣಗಿದ. "ಕಂಪ್ಯೂಟರ್ ಏನನ್ನ ಎಣಿಸ್ಬೇಕು ಮಾರಾಯ್ತಿ?"

"ಏನೂ ಎಣಿಸೋದು ಬೇಡ. ಕೋಡನ್ನ ಅಲ್ಲೇ ನಿಲ್ಲಿಸು. ಮನುಷ್ಯರು ಯಾರಾದ್ರೂ ಅವರ ಮನೆಗೆ ಹೋಗಿ ನೋಡ್ಲಿ."

"ಅರ್ಧಕ್ಕೇ ನಿಲ್ಲೋ ಕೋಡಿಗೆ ಸಂಬಳ ಬೇರೆ ಕೇಡು ಅಂತಾರೆ ನಮ್ಮ ಬಾಸ್."

"ಅನ್ನಲಿ ಬಿಡು."

ಅವನು ಲೊರೆಟ್ಟಾಳತ್ತ ನೋಡಿದ. ಅವಳು ಕೇಕು ಮುಟ್ಟಿರಲಿಲ್ಲ. ಅವನು ಕೀಲಿಮಣೆ ಹತ್ತಿರಕ್ಕೆಳೆದುಕೊಂಡ.

ತಿದ್ದಿದ ಹಾಳೆಯನ್ನು ಅವಳು ಮತ್ತೆ ಓದಿದಳು. ಈ ಸಲ "ತನ್ನದೆಂದೇ" ಎನ್ನುವಲ್ಲಿ ನಾಲಿಗೆ ತಡವರಿಸಿತು. ನಾನು ಅಲ್ಲಿ ಗುರುತು ಹಾಕಲಿಲ್ಲ.

"ಮೇಡಂ, ಈ 'ಬೇರೆ ಯಾರೇ ಆಗಲಿ' ಅಂದ್ರೆ ನಾನೇ ತಾನೇ?"

ಇಂಥ ಪ್ರಶ್ನೆಗೆ ಕರಡು ಬರೆದವರು ಉತ್ತರ ಕೊಡುವಂತಿಲ್ಲ. ಅರ್ಥ ಹೇಳುವುದು ನ್ಯಾಯಾಲಯದ ಕೆಲಸ. ಅಲ್ಲದೆ ಅದಿನ್ನೂ ಸದನಕ್ಕೇ ಹೋಗಿರಲಿಲ್ಲ.

"ನೀವೇ," ಎಂದೆ.

ಹಿಮ ಕರಗುವ ಹೊತ್ತಿಗೆ ಕಲಮು ಹಾಗೆಯೇ ಪಾಸಾಯಿತು. ಲೊರೆಟ್ಟಾಳ ಅರ್ಜಿ ಬಂದಾಗ ಗಾರ್ಥನ ಕೋಡ್ ಆ ಮಾತಿನ ಹತ್ತಿರ ನಿಂತುಬಿಟ್ಟಿತು; ಅಧಿಕಾರಿಯೊಬ್ಬಳು ಅವಳ ಮನೆಗೆ ಹೋದಳು. ಬಾಗಿಲು ತೆರೆದವಳು ಟೆಸ್. ಲೊರೆಟ್ಟಾ ದೆಜಾರ್ಲೆ ಇದ್ದಾರಾ ಎಂದು ಕೇಳಿದ್ದಕ್ಕೆ ಹುಡುಗಿ ಒಳಗೆ ತಿರುಗಿ ಕೂಗಿದಳಂತೆ: "ಅಮ್ಮಾ, ಯಾರೋ ಬಂದಿದಾರೆ."