ಕೊನೆಯ ಸಾಲಿನ ಹಾರೈಕೆ

ನೌರೀನ್ ಕೆಲಸ ಮಾಡುವ ದೊಮ್ಮಲೂರಿನ ಆಫೀಸಿನಲ್ಲಿ ಯಾರಿಗೂ ‘ಇಲ್ಲ’ ಎನ್ನಲು ಬಾಯಿ ಬರುವುದಿಲ್ಲ. ಇಂಟರ್‌ವ್ಯೂಗೆ ಬಂದವರನ್ನು ಕೈಬಿಟ್ಟರೆ, ಬಂದಿದ್ದಕ್ಕೆ ಥ್ಯಾಂಕ್ಸ್ ಹೇಳಿ, ಕೊನೆಗೊಂದು ಹಾರೈಕೆ ಅಂಟಿಸಿ ಇಂಗ್ಲಿಷಿನಲ್ಲಿ ಮೆಸೇಜು ಕಳಿಸಬೇಕು. ಅರ್ಥ ಮಾಡಿಕೊಳ್ಳುವುದು ಅವರವರ ಹಣೆಬರಹ. ಕಳಿಸುವ ಕರ್ಮ ನೌರೀನಳದು. ಈ ಸಲ ಕೈಬಿಟ್ಟವರಲ್ಲಿ ಜಯಮಾಲಾ ಇದ್ದಳು.

ಜಯಮಾಲಾ ಶಿವಾಜಿನಗರದ ನೌರೀನಳ ಮನೆಯಲ್ಲೇ ಮಹಡಿ ರೂಮಿನಲ್ಲಿ ಬಾಡಿಗೆಗಿರುವವಳು. ಅಮ್ಮ ಸುಭದ್ರಮ್ಮನ ಜೊತೆ ಯಾದಗಿರಿ ಕಡೆಯಿಂದ ಬಂದು, ಬಟ್ಟೆ ಅಂಗಡಿಯಲ್ಲಿ ಸೀರೆ ಮಡಚುತ್ತಲೇ ಬಿ.ಕಾಂ. ಮುಗಿಸಿದ ಹುಡುಗಿ. ಅರ್ಜಿ ಹಾಕು ಎಂದು ಹುರಿದುಂಬಿಸಿದವಳೇ ನೌರೀನ್.

ಹಾಗಾಗಿ ಕೊನೆಯ ಸಾಲಿಗೆ ಬಂದು ಬೆರಳು ನಿಂತಿತು. ‘ಬೆಸ್ಟ್ ವಿಶಸ್’ ಎಂದರೆ ಮದುವೆ ಮನೆಯ ಮುಯ್ಯಿ ಕವರಿನ ಮೇಲೆ ಬರೆದಂತೆ. ‘ಗುಡ್ ಲಕ್’ ಎಂದರೆ, ಇನ್ನು ನಿನ್ನ ಅದೃಷ್ಟ, ನಾನು ಕೈತೊಳೆದುಕೊಂಡೆ ಎಂದಂತೆ. ‘ಆಲ್ ದಿ ಬೆಸ್ಟ್’ನಲ್ಲಿ ಒಂದಿಷ್ಟು ಅಕ್ಕರೆ ಇದೆ ಅನಿಸಿತು. ಅದನ್ನೇ ಹಾಕಿ ಕಳಿಸಿದಳು. ಮನೆಯಲ್ಲಿ ಎದುರಾದಾಗ ಮಾತೆತ್ತುವ ಧೈರ್ಯ ಮಾತ್ರ ಬರಲಿಲ್ಲ. ಹುಡುಗಿ ನಗುತ್ತಿದ್ದಾಳಲ್ಲ, ಸದ್ಯ, ಎಂದು ಜಾರಿಕೊಂಡಳು.

ಮುಂದಿನ ವಾರ ಜಯಮಾಲಾ ತಾನೇ ಇಳಿದು ಬಂದಳು, ಕೈಯಲ್ಲಿ ಶೇಂಗಾ ಹೋಳಿಗೆಯ ಡಬ್ಬಿ. ಅಂಗಡಿ ಕೆಲಸ ಬಿಟ್ಟಳಂತೆ. ಆಫೀಸಿನವರು ಯಾವಾಗ ಕರೆದರೂ ಹೊರಡಬೇಕಲ್ಲ, ಅಂಗಡಿಯ ಸೇಠು ಒಂದು ಗಂಟೆಯೂ ಬಿಡುವು ಕೊಡುವ ಮನುಷ್ಯನಲ್ಲ.

“ಮುಂದಿನ ಪರೀಕ್ಷಾ ಯಾವಾಗ್ರಿ ಅಕ್ಕ?”

ನೌರೀನ್‌ಗೆ ತಲೆಬುಡ ತಿಳಿಯಲಿಲ್ಲ. ಯಾವ ಪರೀಕ್ಷೆ ಎಂದು ಕೇಳಿದಳು.

“ನೀವ ಆಲ್ ದಿ ಬೆಸ್ಟ್ ಅಂದೀರಲ್ರಿ.”

ನೌರೀನ್‌ಗೆ ಆಗ ಹೊಳೆಯಿತು. ಪರೀಕ್ಷೆ ಮುಗಿದ ಮೇಲೆ ಆಲ್ ದಿ ಬೆಸ್ಟ್ ಯಾರು ಹೇಳುತ್ತಾರೆ? ಹಾಲ್ ಟಿಕೆಟ್ ಹಿಡಿದು ಒಳಗೆ ಹೋಗುವವರಿಗಲ್ಲವೇ ಶಾಲೆಯ ಗೇಟಿನಲ್ಲಿ ತಾನೂ ಹೇಳಿದ್ದು? ತನ್ನ ಅಕ್ಕರೆಗೆ ಬೆಂಕಿ ಬೀಳಲಿ ಅನಿಸಿತು.

“ಆ ಕೆಲ್ಸ ಬೇರೆಯವ್ರಿಗೆ ಹೋಯ್ತು, ಜಯಾ. ಅದಕ್ಕೇ ಆ ಮೆಸೇಜು ಕಳಿಸಿದ್ದು.”

ಜಯಮಾಲಾ ಡಬ್ಬಿಯ ಮುಚ್ಚಳವನ್ನು ಸುಮ್ಮನೆ ಒತ್ತಿ ಒತ್ತಿ ಮುಚ್ಚಿದಳು. ತಪ್ಪು ತನ್ನದು, ಸೇಠುವಿನ ಹತ್ತಿರ ತಾನೇ ಬಂದು ಮಾತಾಡುತ್ತೇನೆ ಎಂದು ನೌರೀನ್ ತಡವರಿಸಿದಳು. ಆ ಜಾಗಕ್ಕೆ ನಿನ್ನೆಯೇ ಬೇರೆ ಹುಡುಗಿ ಬಂದಾಯಿತು ಎಂದಳು ಜಯಮಾಲಾ.

ಡಬ್ಬಿಯನ್ನು ಟೇಬಲ್ ಮೇಲಿಟ್ಟು ಮೆಟ್ಟಿಲ ತನಕ ಹೋಗಿ ನಿಂತಳು.

“ನಮ್ಮವ್ವಗ ನೀವ ಹೇಳ್ರಿ ಅಕ್ಕ,” ಎಂದಳು. “ಕನ್ನಡದಾಗ ಹೇಳ್ರಿ.”