ರಾಜೇಶ್ರೀಯ ಗಲ್ಲದ ಮಚ್ಚೆ

ಕಮಲಾಪುರದಿಂದ ಕಲಬುರಗಿಗೆ ಹೊರಟ ಬಸ್ಸಿನಲ್ಲಿ ಸುಷ್ಮಿತಾ ತೊಡೆಯ ಮೇಲೆ ಒಂದು ಚೀಲ ಇಟ್ಟುಕೊಂಡು ಕೂತಿದ್ದಳು. ಚೀಲದಲ್ಲಿ ಮೇಲೆ ಒಂದು ಚಿಪ್ಪು ಕೆಂಪು ಬಾಳೆಹಣ್ಣು, ಕೆಳಗೆ ದಿಂಬಿನ ಚೀಲದಲ್ಲಿ ಸುತ್ತಿದ ಟ್ಯಾಬ್. ಹಣ್ಣು ಶರಣಬಸವೇಶ್ವರನಿಗೆ ಎಂದು ಅತ್ತೆ ಪುತಳಾಬಾಯಿಗೆ ಹೇಳಿ ಬಂದಿದ್ದಳು. ಸುಳ್ಳು ಹೇಳಿ ರೂಢಿಯಿಲ್ಲದವರ ಹಣೆಬರಹವೇ ಇಷ್ಟು, ಸಣ್ಣದೊಂದು ಸುಳ್ಳಿಗೂ ದೇವರನ್ನೇ ಜಾಮೀನು ನಿಲ್ಲಿಸುತ್ತಾರೆ. ಪುತಳಾಬಾಯಿ ನಂಬಿ, ನನ್ನ ಹೆಸರಲ್ಲೂ ಒಂದು ಕಾಯಿ ಒಡಸು ಎಂದಿದ್ದಳು.

ಟ್ಯಾಬ್ ಸುಷ್ಮಿತಾಳದ್ದಲ್ಲ. ಅವಳ ಗಂಡ ಚಂದ್ರಶಾನ ಮೊದಲ ಹೆಂಡತಿ ರಾಜೇಶ್ರೀಯದು. ರಾಜೇಶ್ರೀ ಬ್ಲೌಸ್ ಹೊಲಿಯುತ್ತಿದ್ದಳು. ಹೊಸ ನಮೂನೆ ನೋಡಿಕೊಳ್ಳಲಿ ಎಂದು ಚಂದ್ರಶಾ ತಂದುಕೊಟ್ಟಿದ್ದ. ಅವಳು ನಮೂನೆ ನೋಡಿದ್ದು ಕಡಿಮೆ, ಫೋಟೋ ತೆಗೆದದ್ದೇ ಹೆಚ್ಚು. ಹೊಲಿದ ಬ್ಲೌಸು, ಉಟ್ಟ ಸೀರೆ, ಮಡಿಲಲ್ಲಿ ಮಗಳು ಭಾಗಿ, ಎಲ್ಲವೂ ಅದರಲ್ಲಿದ್ದವು. ಮಗಳಿಗೆ ಮೂರು ವರ್ಷವಿದ್ದಾಗ ರಾಜೇಶ್ರೀ ಕಾಮಾಲೆ ಬಂದು ಹನ್ನೊಂದೇ ದಿನದಲ್ಲಿ ತೀರಿಕೊಂಡಳು. ಭಾಗಿಗೆ ಈಗ ಏಳು.

ಬೇರೆ ಫೋಟೋ ಇಲ್ಲವೇ ಎಂದು ಯಾರಾದರೂ ಕೇಳಬೇಕಾದದ್ದೇ. ರಾಜೇಶ್ರೀಯ ಮದುವೆ ಮಠದ ಸಾಮೂಹಿಕ ವಿವಾಹದಲ್ಲಿ ಆಗಿತ್ತು. ನಲವತ್ತು ಜೋಡಿಗಳ ನಡುವೆ ತೆಗೆದ ಒಂದೇ ಚಿತ್ರದಲ್ಲಿ ಬಾಸಿಂಗ ಮುಖವನ್ನೆಲ್ಲ ಮುಚ್ಚಿತ್ತು. ಆಧಾರ್ ಕಾರ್ಡು ಆಸ್ಪತ್ರೆ ತಿರುಗಾಟದಲ್ಲಿ ಎಲ್ಲೋ ಕಳೆದು ಝರಾಕ್ಸ್ ಮಾತ್ರ ಉಳಿದಿತ್ತು, ಅದರಲ್ಲಿ ಮುಖದ ಜಾಗದಲ್ಲಿ ಬರೀ ಮಸಿ. ಟ್ಯಾಬಿನಿಂದ ಒಂದು ಒಳ್ಳೆಯದನ್ನು ಆರಿಸಿ ಕಟ್ಟು ಹಾಕಿಸೋಣ ಎಂದು ಪುತಳಾಬಾಯಿ ಎಷ್ಟೋ ಸಲ ಹೇಳಿದಳು. ಚಂದ್ರಶಾ ಒಪ್ಪಲಿಲ್ಲ. "ಗ್ವಾಡಿಗಿ ಹಾಕಿ ಮಾಲಿ ಹಾಕಿದ್ರ ಖರೇನೇ ಸತ್ತಂಗ. ಅದರಾಗೇ ಇರ್ಲಿ ಬಿಡವ್ವ" ಎಂದುಬಿಟ್ಟ.

ಹಾಗಾಗಿ ಆ ಮನೆಯಲ್ಲಿ ಒಂದು ಪದ್ಧತಿ ಬೆಳೆಯಿತು. ಪ್ರತಿ ಅಮಾವಾಸ್ಯೆಗೆ ಟ್ರಂಕಿನಿಂದ ಟ್ಯಾಬ್ ತೆಗೆದು, ಚಾರ್ಜ್ ಮಾಡಿ, ಮಣೆಯ ಮೇಲೆ ಗೋಡೆಗೆ ಆನಿಸಿ ನಿಲ್ಲಿಸುವುದು. ರಾಜೇಶ್ರೀಯ ಮುಖ ಬೆಳಗಿದ ಮೇಲೆ ಗಾಜಿಗೆ ವಿಭೂತಿ ಎಳೆದು ಕುಂಕುಮ ಹಚ್ಚುವುದು, ಮುಂದೆ ಎಡೆ ಇಡುವುದು. ಆಮೇಲೆ ಭಾಗಿ ಕೂತು ಒಂದೊಂದೇ ಫೋಟೋ ಸರಿಸುತ್ತ ಅವ್ವನನ್ನು ನೋಡುವುದು. ಕೊನೆಗೆ ಗಾಜು ಒರೆಸಿ ಟ್ರಂಕಿಗೆ ಸೇರಿಸುವುದು. ಈ ಒರೆಸುವ ಕೆಲಸ ಹೊಸದಾಗಿ ಬಂದ ಸುಷ್ಮಿತಾಳ ಪಾಲಿಗೆ ಬಂದಿತ್ತು.

ಮಹಾಲಯ ಅಮಾವಾಸ್ಯೆಯ ದಿನ ಕುಂಕುಮ ಗಟ್ಟಿಯಾಗಿ ಅಂಟಿತ್ತು. ಅವಳು ಒದ್ದೆ ಬಟ್ಟೆಯಿಂದ ತಿಕ್ಕಿದಳು, ಹೆಬ್ಬೆರಳಿಂದ ಒತ್ತಿ ಕೆರೆದಳು. ಗಾಜಿನ ಒಳಗೆ ದೊಡ್ಡ ಮುಖ ಹೋಗಿ ಸಣ್ಣ ಸಣ್ಣ ಫೋಟೋಗಳ ಸಾಲು ಬಂತು, ಅವುಗಳ ಮೇಲೆಲ್ಲ ನೀಲಿ ಗುರುತು ಬಿದ್ದವು. ಇಂಗ್ಲಿಷಿನಲ್ಲಿ ಏನೋ ಕೇಳುವ ಒಂದು ಚೌಕಟ್ಟು ಎದ್ದಿತು. ಅದು ಹೋಗಲಿ ಎಂದು ಒತ್ತಿದಳು. ಚೌಕಟ್ಟು ಹೋಯಿತು, ಅದರ ಜೊತೆಗೆ ರಾಜೇಶ್ರೀಯೂ ಹೋದಳು.

ಆಗಲೇ ಹೊರಗೆ ಕೂತಿದ್ದ ಗಂಡನನ್ನು ಕೂಗಿದ್ದರೆ ಆಗುತ್ತಿತ್ತು. ಬಾಯಿ ತೆರೆದಳು ಕೂಡ. ಆದರೆ ಎರಡನೇ ಹೆಂಡತಿ, ಮನೆಗೆ ಬಂದು ಐದು ತಿಂಗಳು, ಕೈತಪ್ಪಿ ಸವತಿಯ ಮುಖ ಅಳಿಸಿದೆ ಎಂದರೆ ನಂಬುವವರು ಯಾರು? ಓಣಿಯ ಬಾಯಿಗಳನ್ನು ಅವಳು ಬಲ್ಲಳು. ಟ್ಯಾಬ್ ಆರಿಸಿ ಟ್ರಂಕಿನ ತಳಕ್ಕೆ ಇಟ್ಟಳು. ದೀಪಾವಳಿ ಅಮಾವಾಸ್ಯೆ ಬಂದಾಗ ಚಾರ್ಜರ್ ಸುಟ್ಟಿದೆ ಎಂದಳು. ಭಾಗಿ ಅತ್ತಳು, ಪುತಳಾಬಾಯಿ ಬರೀ ದೀಪದ ಮುಂದೆ ಎಡೆ ಇಟ್ಟಳು. ಅದಾಗಿ ಹನ್ನೆರಡು ದಿನ ಅನ್ನ ಸೇರದೆ, ಈಗ ಬಸ್ಸು ಹತ್ತಿದ್ದಳು.

ಕಲಬುರಗಿಯ ಗಾಜಿಪುರದ ಓಣಿಯಲ್ಲಿ ಸಮೀವುಲ್ಲಾನ ರಿಪೇರಿ ಅಂಗಡಿ ಒಂದು ಮಂಚದಷ್ಟಿತ್ತು. ಐವತ್ತರ ಆಸುಪಾಸಿನ ಮನುಷ್ಯ, ಕನ್ನಡಕ ಹಣೆಗೇರಿಸಿಕೊಂಡು ಅವಳ ಮಾತು ಪೂರ್ತಿ ಕೇಳಿದ.

"ಕುಂಕುಮ ಒರಸಾಕ ಹೋಗಿ ಅಳಿಸ್ಯಾವೇನ್ರಿ? ಇಷ್ಟು ವರ್ಷದಾಗ ಇಂಥಾ ಕೇಸ್ ನೋಡಿಲ್ರಿ ನಾ" ಎಂದು ನಕ್ಕ. "ಫಿಕರ್ ಮಾಡಬ್ಯಾಡ್ರಿ ಅಕ್ಕಾ. ಅಳಿಸಿದ್ದು ಸೀದಾ ಹೋಗಂಗಿಲ್ಲ. ಒಂದು ಕಸದ ಬುಟ್ಟಿ ಇರ್ತದ, ಅದರಾಗ ಬೀಳ್ತಾವ. ಅಲ್ಲಿಂದ ವಾಪಸ್ ತೆಗಿಯೂದು ಎರಡು ನಿಮಿಷದ ಕೆಲಸ."

ಎರಡು ನಿಮಿಷ ಎಂಬ ಮಾತು ಕೇಳಿ ಸುಷ್ಮಿತಾಳಿಗೆ ಕಣ್ಣು ತುಂಬಿ ಬಂತು. ನಲವತ್ತು ದಿನದ ನಂತರ ಮೊದಲ ಸಲ ಮೈ ಹಗುರಾಯಿತು. ಸಮೀವುಲ್ಲಾ ಎರಡು ಕಡೆ ಒತ್ತಿದ, ಆ ಬುಟ್ಟಿಯನ್ನು ತೆರೆದ. ಅದು ಖಾಲಿ ಇತ್ತು.

"ಎಂದು ಅಳಿಸಿದ್ದು ಅಂದ್ರಿ?"

"ಮಹಾಲಯ ಅಮಾಸಿ ದಿನ ರೀ ಭಾಯಿ. ನಲವತ್ತೊಂದು ದಿನ ಆತು."

ಅವನು ಕನ್ನಡಕ ಕೆಳಗಿಳಿಸಿದ. ಖಾಲಿ ಬುಟ್ಟಿಯನ್ನು ಅವಳ ಕಡೆ ತಿರುಗಿಸಿ ತೋರಿಸಿದ.

"ಮೂವತ್ತು ದಿನ ಅಷ್ಟೇ ಇರ್ತಾವ್ರಿ. ಆಮ್ಯಾಲ ತಾನೇ ಸಾಫ್ ಮಾಡಿಬಿಡ್ತದ. ನಡುವ ಯಾರೂ ತೆಗೆದು ನೋಡಲಿಲ್ಲೇನ್ರಿ?"

ಸುಷ್ಮಿತಾ ಬೆರಳು ಮಡಚಿ ಲೆಕ್ಕ ಹಾಕಿದಳು. ಮಹಾಲಯದಿಂದ ದೀಪಾವಳಿ ಅಮಾವಾಸ್ಯೆಗೆ ಇಪ್ಪತ್ತೊಂಬತ್ತು ದಿನ. ಚಾರ್ಜರ್ ಸುಟ್ಟಿದೆ ಎಂದು ಅವಳು ಸುಳ್ಳು ಹೇಳಿದ ದಿನ, ಭಾಗಿ ಟ್ರಂಕಿನ ಮುಂದೆ ಕೂತು ಅತ್ತ ದಿನ, ಫೋಟೋಗಳೆಲ್ಲ ಟ್ಯಾಬಿನ ಆ ಬುಟ್ಟಿಯಲ್ಲೇ ಇದ್ದವು. ಇನ್ನೂ ಒಂದು ದಿನ ಇತ್ತು. ಅಂದು ಬಾಯಿ ಬಿಟ್ಟಿದ್ದರೆ ಫೋಟೋಗಳು ಉಳಿಯುತ್ತಿದ್ದವು.

"ನೆಟ್ ಹಾಕಿದ್ರೇನ್ರಿ ಇದಕ್ಕ? ಈಮೇಲ್ ಏನರ?" ಸಮೀವುಲ್ಲಾ ಕೇಳಿದ.

"ಅವ್ರು ಹೋದ ಮ್ಯಾಲ ಸಿಮ್ಮೇ ಹಾಕಿಲ್ರಿ. ಈಮೇಲ್ ಗೊತ್ತಿಲ್ಲ."

"ಕಂಪ್ಯೂಟರಿಗೆ ಹಚ್ಚಿ ನೋಡ್ತೇನ್ರಿ. ಖಾತ್ರಿ ಕೊಡಂಗಿಲ್ಲ. ಮೂರು ಗಂಟೆಗೆ ಬರ್ರಿ."

ಅಲ್ಲಿಯವರೆಗೆ ಅವಳು ನಿಜವಾಗಿಯೂ ಗುಡಿಗೆ ಹೋದಳು. ಹಣ್ಣು ಕೊಟ್ಟಳು, ಅತ್ತೆಯ ಹೆಸರಲ್ಲಿ ಕಾಯಿ ಒಡೆಸಿದಳು, ಸುಳ್ಳಿನ ಅರ್ಧ ಭಾಗವಾದರೂ ಖರೆಯಾಗಲಿ ಎಂದು. ಕಾಲೇಜಿನ ಹುಡುಗಿಯರು ಗುಡಿಯ ಮುಂದೆ ಒಬ್ಬರಿಗೊಬ್ಬರು ಫೋಟೋ ತೆಗೆಯುತ್ತಿದ್ದರು, ಚೆನ್ನಾಗಿ ಬರದಿದ್ದನ್ನು ಅಳಿಸಿ ಮತ್ತೆ ತೆಗೆಯುತ್ತಿದ್ದರು. ಅವಳು ಮುಖ ತಿರುಗಿಸಿಕೊಂಡು ಕಂಬಕ್ಕೆ ಒರಗಿ ಕೂತಳು. ಒಂದು ಫೋಟೋ ಸಿಕ್ಕರೂ ಸಾಕು ಎಂದು ಬೇಡಿಕೊಂಡಳು.

ಬೇಡಿಕೆ ಅರ್ಧ ಈಡೇರಿತು ಎನ್ನಬೇಕು. ಸಮೀವುಲ್ಲಾ ಒಂಬತ್ತು ಚಿತ್ರ ಹಿಡಿದು ತಂದಿದ್ದ. ಒಂದೊಂದೂ ಅಂಚೆ ಚೀಟಿಯಷ್ಟು, ದೊಡ್ಡದು ಮಾಡಿದರೆ ಮಬ್ಬು.

"ದೊಡ್ಡ ಫೋಟೋ ಎಲ್ಲಾ ಹೋಗ್ಯಾವ್ರಿ. ಇವು ಅದರ ಸಣ್ಣ ನಕಲು. ಇಷ್ಟೇ ಸಿಕ್ಕಾವ."

ಸುಷ್ಮಿತಾ ಒಂದೊಂದಾಗಿ ನೋಡಿದಳು. ಹಿಂದೆ ದಾರ ಕಟ್ಟುವ ಬ್ಲೌಸು. ಎಲೆಯ ಆಕಾರಕ್ಕೆ ಕತ್ತರಿಸಿದ ಬ್ಲೌಸು. ಗುಂಡು ಕೊರಳು, ಚೌಕ ಕೊರಳು. ರಾಜೇಶ್ರೀ ತಾನು ಹೊಲಿದದ್ದನ್ನು ತಾನೇ ತೊಟ್ಟು, ಹಿಂಭಾಗದ ಕೆಲಸ ಕಾಣಲೆಂದು ತಿರುಗಿ ನಿಂತು ಯಾರ ಕೈಲೋ ತೆಗೆಸಿಕೊಂಡ ಫೋಟೋಗಳು ಅವು. ಒಂಬತ್ತರಲ್ಲಿಯೂ ಬೆನ್ನು.

"ಮುಖ ಇರೂದು ಒಂದೂ ಇಲ್ಲೇನ್ರಿ ಭಾಯಿ?"

"ಇದ್ರ ನಾ ಯಾಕ ಮುಚ್ಚಿಡ್ಲಿ ಅಕ್ಕಾ. ನನ್ನ ತಾಯಿದೂ ಒಂದು ಫೋಟೋ ಇಲ್ಲ. ನಂಗೊತ್ತದ" ಎಂದು ಅವನು ಟ್ಯಾಬನ್ನು ಮತ್ತೆ ದಿಂಬಿನ ಚೀಲದೊಳಗೆ ತಾನೇ ಸುತ್ತಿ ಕೊಟ್ಟ.

ಸಂಜೆ ಮನೆಗೆ ಬಂದವಳೇ ಸುಷ್ಮಿತಾ ಎಲ್ಲರೆದುರು ಹೇಳಿಬಿಟ್ಟಳು. ಕುಂಕುಮ, ಒದ್ದೆ ಬಟ್ಟೆ, ಚಾರ್ಜರಿನ ಸುಳ್ಳು, ಮೂವತ್ತು ದಿನ, ಒಂದನ್ನೂ ಬಿಡಲಿಲ್ಲ. ಬೈಗುಳಕ್ಕೆ ತಯಾರಾಗಿ ನಿಂತಿದ್ದಳು. ಪುತಳಾಬಾಯಿ ಸೆರಗು ಬಾಯಿಗಿಟ್ಟುಕೊಂಡಳು.

"ಅವತ್ತೇ ಯಾಕ ಹೇಳಲಿಲ್ಲ?" ಚಂದ್ರಶಾ ಕೇಳಿದ.

"ಹೇಳಿದ್ರ ನೀವು ನಂಬ್ತಿದ್ರೇನ್ರಿ?"

ನಂಬುತ್ತಿದ್ದೆ ಎನ್ನುವನೇನೋ ಎಂದು ಅವಳು ಕಾದಳು. ಅವನಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ.

ಭಾಗಿ ಅಷ್ಟರಲ್ಲಿ ಟ್ಯಾಬ್ ಎತ್ತಿಕೊಂಡು ಒಂಬತ್ತೂ ಬೆನ್ನುಗಳನ್ನು ಸರಿಸಿ ನೋಡಿದ್ದಳು. ಆಮೇಲೆ ಟ್ಯಾಬನ್ನೇ ತಿರುಗಿಸಿ ಹಿಂದೆ ನೋಡಿದಳು. ಅಲ್ಲೂ ಏನೂ ಇರಲಿಲ್ಲ.

"ಚಿಗವ್ವ, ಅವ್ವಗ ಗಲ್ಲದ ಮ್ಯಾಲ ಮಚ್ಚಿ ಇತ್ತಲ್ಲ. ಅದು ಯಾವ ಗಲ್ಲಕ್ಕಿತ್ತು?"

ಸುಷ್ಮಿತಾ ಐದು ಅಮಾವಾಸ್ಯೆ ಆ ಮುಖಕ್ಕೆ ಹಚ್ಚಿದ ಕುಂಕುಮ ಒರೆಸಿದ್ದಳು. "ಎಡಗಲ್ಲಕ್ಕ, ಯವ್ವಾ" ಎಂದಳು. ಹೇಳಿದ ಮೇಲೆ ಅದು ಗಾಜಿನ ಎಡವೋ ಗಲ್ಲದ ಎಡವೋ ಎಂದು ಅನುಮಾನ ಬಂತು.

"ಎಡಕ್ಕಲ್ಲ, ಬಲಕ್ಕ" ಎಂದಳು ಪುತಳಾಬಾಯಿ. ತುಸು ತಡೆದು, "ಬಲಕ್ಕೇ ಇತ್ತು ಕಾಣ್ತದ" ಎಂದಳು.

ಮೂವರೂ ಚಂದ್ರಶಾನ ಕಡೆ ನೋಡಿದರು. ಐದು ವರ್ಷ ಆ ಮುಖದ ಜೊತೆ ಸಂಸಾರ ಮಾಡಿದವನು ಅವನು. ಅವನ ಕೈ ತನ್ನ ಬಲಗಲ್ಲಕ್ಕೆ ಹೋಯಿತು, ಅಲ್ಲಿ ಒಂದು ಗಳಿಗೆ ನಿಂತಿತು. ಆಮೇಲೆ ಎಡಗಲ್ಲಕ್ಕೆ ಹೋಯಿತು. ಕಣ್ಣು ಮುಚ್ಚಿಕೊಂಡ. ಭಾಗಿ ಟ್ಯಾಬ್ ಹಿಡಿದುಕೊಂಡೇ ಅವನ ಮುಂದೆ ಬಂದು ನಿಂತು ಕಾದಳು.

"ಅದರಾಗ ಅದಾಳಂತ ನಾ ನೆನಪಿಟ್ಟಿಲ್ಲವ್ವ" ಎಂದ ಚಂದ್ರಶಾ.